ಒಳಗೆ ಬಿದ್ದರೆ ನಿಲ್ಲದ ಗಡಿಯಾರ

ಕಾಂತಾಮಣಿ ತನ್ನ ಮಗಳ ತಂಡಕ್ಕೆ ಐದು ಗಜದ ದಂಡ ಹಾಕಿಸಿದ್ದು ಮೊಸರನ್ನದ ಡಬ್ಬಿಯಿಂದ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದಿನದೆಲ್ಲ ಆ ಡಬ್ಬಿಯಿಂದಲೇ ಶುರುವಾಯಿತು.

ಅವರು ಕೊಲ್ಲಿ ದೇಶದ ಆ ಊರಿನಲ್ಲಿ ಬಿನ್ ಮಹಮೂದ್ ಬಡಾವಣೆಯ ಹಳೆಯ ಫ್ಲ್ಯಾಟ್ ಬಿಟ್ಟು ಅಲ್ ರಯ್ಯಾನ್‌ಗೆ ಬಂದ ವರ್ಷ ಅದು, ೨೦೦೮. ಗಂಡ ಚನ್ನಕೇಶವನಿಗೆ ಹೊಸ ಕಂಪನಿ ಮನೆಯನ್ನೂ ಕೊಟ್ಟಿತು, ಮಗಳ ಫೀಸನ್ನೂ ಕೊಟ್ಟಿತು. ಹಾಗಾಗಿ ಹದಿಮೂರು ವರ್ಷದ ಇಂಚರಾ ಇಂಡಿಯನ್ ಸ್ಕೂಲಿನಿಂದ ಅಮೆರಿಕನ್ನರ ಪಠ್ಯ ಕಲಿಸುವ ಶಾಲೆಗೆ ಹೋದಳು. ಹೋದವಳು ಕೆಲವೇ ತಿಂಗಳಲ್ಲಿ ಅಮ್ಮನಿಗೆ ಪಕ್ಕದ ಮನೆಯ ಹುಡುಗಿಯಂತಾಗಿಬಿಟ್ಟಳು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಅಮ್ಮ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಕೇಳಿದರೆ ಉತ್ತರವೇ ಇಲ್ಲ. ರೂಮಿನ ಬಾಗಿಲು ಹಾಕಿಕೊಂಡರೆ ಊಟದ ಹೊತ್ತಿಗೇ ತೆಗೆಯುವುದು. ಚನ್ನಕೇಶವನನ್ನು ಕೇಳಿದರೆ ವಯಸ್ಸು ಕಣೇ, ಸರಿಹೋಗ್ತಾಳೆ ಎಂದು ಲ್ಯಾಪ್‌ಟಾಪಿಗೆ ತಿರುಗುತ್ತಿದ್ದ. ಹೆಣ್ಣುಮಕ್ಕಳ ವಿಷಯದಲ್ಲಿ ಅಪ್ಪಂದಿರಿಗೆ ಈ ವಯಸ್ಸು ಎಂಬ ಪದ ಎಷ್ಟು ಅನುಕೂಲ ನೋಡಿ, ಹೇಳಿ ಕೈ ತೊಳೆದುಕೊಂಡುಬಿಡಬಹುದು.

ಅಂಥ ಇಂಚರಾ ಒಂದು ದಿನ ಶಾಲೆಯ ಫುಟ್‌ಬಾಲ್ ತಂಡ ಸೇರಿದಳು. ನಮ್ಮ ಫುಟ್‌ಬಾಲ್ ಅಲ್ಲ, ಅಮೆರಿಕದವರದು. ಮೊಟ್ಟೆಯಾಕಾರದ ಚೆಂಡನ್ನು ಕಂಕುಳಲ್ಲಿ ಅವುಚಿಕೊಂಡು ಓಡುವ ಆಟ. ದೊಡ್ಡವರು ಆಡುವಾಗ ಒಬ್ಬರ ಮೇಲೊಬ್ಬರು ಬಿದ್ದು ಕೆಡವುತ್ತಾರೆ. ಶಾಲೆಯಲ್ಲಿ ಅಷ್ಟು ಕ್ರೌರ್ಯವಿಲ್ಲ, ಸೊಂಟದ ಬೆಲ್ಟಿಗೆ ಸಿಕ್ಕಿಸಿದ ಬಣ್ಣದ ಪಟ್ಟಿಯನ್ನು ಎದುರಾಳಿ ಕಿತ್ತರೆ ಅಲ್ಲಿಗೆ ಆ ಓಟ ಮುಗಿಯಿತು. ಹುಡುಗರೂ ಹುಡುಗಿಯರೂ ಕೂಡಿ ಆಡುತ್ತಿದ್ದರು. ಇಂಚರಾಳ ಕಾಲು ಚುರುಕು, ತಲೆ ಇನ್ನೂ ಚುರುಕು. ಹೀಗಾಗಿ ಚೆಂಡು ಮೊದಲು ಯಾರ ಕೈಗೆ ಬರುತ್ತದೋ, ಯಾರಿಗೆ ಎಸೆಯಬೇಕು, ತಾನೇ ಓಡಬೇಕೇ ಎಂದು ಯಾರು ನಿರ್ಧರಿಸುತ್ತಾರೋ ಆ ಜಾಗವೇ ಅವಳಿಗೆ ಸಿಕ್ಕಿತು.

ಮೊದಲ ಪಂದ್ಯಕ್ಕೆ ಕಾಂತಾಮಣಿ ದಾಳಿಂಬೆ ಉದುರಿಸಿದ ಮೊಸರನ್ನ ಕಟ್ಟಿಕೊಂಡು ಹೋದಳು. ಬೆಳಗ್ಗೆಯಿಂದ ಮಗಳು ಒಂದು ಲೋಟ ಹಾಲು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಆಟ ನಡೆಯುತ್ತಿದ್ದಂತೆ ಮಕ್ಕಳೆಲ್ಲ ನಡುವೆ ಗುಂಪಾಗಿ ತಲೆ ತಗ್ಗಿಸಿ ನಿಂತರು. ಕ್ರಿಕೆಟ್ ನೋಡಿ ಬೆಳೆದ ಯಾರಾದರೂ ಏನೆಂದುಕೊಳ್ಳುತ್ತಾರೆ? ನೀರು ಕುಡಿಯಲು ಬಿಟ್ಟಿದ್ದಾರೆ ಎಂದುಕೊಳ್ಳುತ್ತಾರೆ. ಕಾಂತಾಮಣಿ ಡಬ್ಬಿ, ಚಮಚ ಹಿಡಿದು ಸೀದಾ ಮೈದಾನದೊಳಕ್ಕೆ ನಡೆದಳು. ಒಂದೇ ತುತ್ತು ತಿನ್ನು ಪುಟ್ಟಿ ಎಂದು ಚಮಚ ಎತ್ತಿಯೂಬಿಟ್ಟಳು. ಇಂಚರಾ ಗುಂಪು ಬಿಟ್ಟು ಬಂದು ಅಮ್ಮನ ಭುಜ ಹಿಡಿದು ಹೊರಗೆ ದಬ್ಬುವಷ್ಟರಲ್ಲಿ ಸೀಟಿ ಕೇಳಿಸಿತು, ರೆಫರಿ ಹಳದಿ ಬಟ್ಟೆಯೊಂದನ್ನು ನೆಲಕ್ಕೆ ಎಸೆದ, ಚೆಂಡನ್ನು ಐದು ಗಜ ಹಿಂದಕ್ಕೆ ಒಯ್ದಿಟ್ಟ. ಆಡುವ ಮಕ್ಕಳೂ ನಕ್ಕರು, ನೋಡುವ ತಂದೆತಾಯಂದಿರೂ ನಕ್ಕರು.

ಕಾರಿನಲ್ಲಿ ಬರುವಾಗ ಇಂಚರಾ ಕಿಟಕಿಯ ಕಡೆ ತಿರುಗಿ ಕೂತಿದ್ದಳು. ಇನ್ನು ಮೇಲೆ ನನ್ನ ಮ್ಯಾಚಿಗೆ ಬರಬೇಡ ಎಂದಷ್ಟೇ ಹೇಳಿದಳು. ಕಾಂತಾಮಣಿ ಕ್ಷಮೆ ಕೇಳಲಿಲ್ಲ, ಅಳಲೂ ಇಲ್ಲ. ಸಂಜೆ ಸಾರಿಗೆ ಒಗ್ಗರಣೆ ಹಾಕುತ್ತ, ಅದ್ಯಾಕೆ ಸರಿಯಾಗಿ ಐದು ಗಜ ಹಿಂದಕ್ಕಿಟ್ಟರು ಎಂದು ಕೇಳಿದಳು.

ಅಮ್ಮ ಎಷ್ಟು ದಡ್ಡಿ ಎಂದು ತೋರಿಸುವುದಕ್ಕಾಗಿಯೇ ಇಂಚರಾ ಅಡುಗೆಕಟ್ಟೆಯ ಮೇಲೆ ಒಣಮೆಣಸಿನಕಾಯಿಗಳನ್ನು ಎರಡು ಸಾಲಾಗಿ ಜೋಡಿಸಿದಳು. ಒಂದು ಸಾಲು ನಾವು, ಒಂದು ಸಾಲು ಅವರು. ನಡುವೆ ಹುಣಸೆಹಣ್ಣಿನ ಉಂಡೆ, ಅದು ಚೆಂಡು. ಈ ಆಟದಲ್ಲಿ ಗಡಿಯಾರ ಒಂದಲ್ಲ, ಎರಡು. ದೊಡ್ಡದು ಇಡೀ ಆಟದ್ದು, ಬೋರ್ಡಿನ ಮೇಲೆ ಎಲ್ಲರಿಗೂ ಕಾಣುವಂತೆ ಇಳಿಯುತ್ತ ಹೋಗುವುದು. ಚಿಕ್ಕದು ಒಂದು ಓಟ ಮುಗಿದು ಇನ್ನೊಂದು ಶುರುವಾಗುವ ನಡುವಿನದು. ಒಂದು ಓಟ ಮುಗಿದ ಕ್ಷಣದಿಂದ ನಲವತ್ತು ಸೆಕೆಂಡಿನೊಳಗೆ ಚೆಂಡನ್ನು ಮತ್ತೆ ಆಟಕ್ಕೆ ತರಬೇಕು. ತರದಿದ್ದರೆ ಆಟ ತಡಮಾಡಿದ್ದಕ್ಕೆ ಐದು ಗಜ ದಂಡ. ಅಮೆರಿಕದ ಕಾಲೇಜುಗಳಲ್ಲಿ ಆ ವರ್ಷವೇ ಬಂದ ಲೆಕ್ಕವಂತೆ, ರೆಫರಿ ಅದನ್ನೇ ಇಲ್ಲಿಗೂ ತಂದಿದ್ದ. ಮಕ್ಕಳು ಗುಂಪಾಗಿ ನಿಂತದ್ದು ನೀರಿಗಲ್ಲ, ಮುಂದಿನ ಹೂಟ ಹೂಡುವುದಕ್ಕೆ. ಆ ನಲವತ್ತನ್ನು ಕಾಂತಾಮಣಿಯ ಮೊಸರನ್ನ ನುಂಗಿತ್ತು.

ಹೇಳುತ್ತ ಹೇಳುತ್ತ ಇಂಚರಾ ಕೋಪವನ್ನು ಮರೆತಳು. ಮೆಣಸಿನಕಾಯಿಗಳನ್ನು ಓಡಿಸಿದಳು, ಕೆಡವಿದಳು. ಕಾಂತಾಮಣಿ ಸಾರು ಆರಿದರೂ ಅಲ್ಲಾಡಲಿಲ್ಲ. ಮಗಳು ಅಷ್ಟು ಹೊತ್ತು ತನ್ನೊಡನೆ ಮಾತಾಡಿ ಎಷ್ಟು ಕಾಲವಾಗಿತ್ತೆಂದು ಅವಳಿಗೆ ಆ ಹೊತ್ತಿಗೆ ಹೊಳೆಯಿತು. ಹೆಂಗಸು ಬುದ್ಧಿವಂತೆ. ಮರುದಿನವೂ ಒಂದು ಪ್ರಶ್ನೆ ಇಟ್ಟುಕೊಂಡು ಕಾದಳು, ಅದರ ಮರುದಿನವೂ. ಹಾಗೆ ದೊಡ್ಡ ಗಡಿಯಾರ ಯಾವಾಗ ನಿಲ್ಲುತ್ತದೆ, ಯಾವಾಗ ಓಡುತ್ತದೆ ಎಂಬುದೆಲ್ಲ ಅಡುಗೆಮನೆಯಲ್ಲಿ ಇತ್ಯರ್ಥವಾಯಿತು. ಎಸೆದ ಚೆಂಡು ಯಾರೂ ಹಿಡಿಯದೆ ನೆಲಕ್ಕೆ ಬಿದ್ದರೆ ನಿಲ್ಲುತ್ತದೆ. ಚೆಂಡು ಹಿಡಿದವರು ಗೆರೆ ದಾಟಿ ಹೊರಗೆ ಹೋದರೆ ನಿಲ್ಲುತ್ತದೆ. ತಂಡದವರು ಬಿಡುವು ಕೇಳಿದರೆ ನಿಲ್ಲುತ್ತದೆ, ಆದರೆ ಅರ್ಧ ಆಟಕ್ಕೆ ಮೂರು ಸಲ ಮಾತ್ರ ಕೇಳಬಹುದು.

"ಗೆರೆ ಒಳಗೇ ಬಿದ್ರೆ?" ಎಂದು ಕಾಂತಾಮಣಿ ಕೇಳಿದಳು.

"ಒಳಗೆ ಬಿದ್ರೆ ನಿಲ್ಲಲ್ಲಮ್ಮ. ಓಡ್ತಾನೇ ಇರತ್ತೆ. ಗೆಲ್ತಾ ಇರೋರು ಅದಕ್ಕೇ ಒಳಗೇ ಬೀಳೋದು, ಟೈಮ್ ಹೋಗ್ಲಿ ಅಂತ."

"ಬಿದ್ದೋರಿಗೆ ಪೆಟ್ಟಾದ್ರೆ?"

"ಆಗ ರೆಫರಿ ಕೈ ಎತ್ತಿ ನಿಲ್ಲಿಸ್ತಾರೆ. ಅದು ಅವರ ಕೆಲಸ."

ಶಾಲೆಯ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದ ಕೊನ್ಸೆಪ್ಟಾ ಉಡುಪಿಯ ಕಡೆಯವರು. ಪಂದ್ಯದ ದಿನ ಚಿಕ್ಕ ಗಡಿಯಾರ ಅವರ ಪಾಲಿಗೆ ಬಂದಿತ್ತು, ಒಂದು ಸ್ಟಾಪ್‌ವಾಚ್ ಹಿಡಿದು ಮೈದಾನದ ಬದಿಯ ಮೇಜಿನಲ್ಲಿ ಕೂರುತ್ತಿದ್ದರು. ದೊಡ್ಡ ಗಡಿಯಾರದ ಗುಂಡಿ ಒತ್ತಲು ಯಾವ ತಂದೆತಾಯಿಯೂ ಒಪ್ಪುತ್ತಿರಲಿಲ್ಲ, ನಿಯಮಗಳ ತಲೆನೋವು ಯಾರಿಗೆ ಬೇಕು. ಫೀಸಿನ ರಸೀದಿಗೆ ಹೋಗಿದ್ದ ಕಾಂತಾಮಣಿಯ ಹತ್ತಿರ ಅವರು ಇದನ್ನು ಹೇಳಿಕೊಂಡರು. ಕಾಂತಾಮಣಿ ಪಾಠ ಒಪ್ಪಿಸಿದಂತೆ ಎಲ್ಲ ನಿಯಮ ಹೇಳಿದಳು. ಕೊನ್ಸೆಪ್ಟಾ ಕನ್ನಡಕ ತೆಗೆದು ಅವಳನ್ನು ನೋಡಿದರು.

"ನೀವೇ ಬಂದು ಕೂತ್ಕೊಳ್ಳಿ ಮಾರಾಯ್ರೆ. ನನಗೂ ಮಾತಾಡ್ಲಿಕ್ಕೆ ಒಂದು ಜನ ಆಗ್ತದೆ."

ಮಗಳನ್ನು ಒಪ್ಪಿಸುವುದೇ ಕಷ್ಟವಾಯಿತು. ಎರಡು ದಿನ ಮುಖ ಊದಿಸಿಕೊಂಡಿದ್ದು ಕೊನೆಗೆ ಷರತ್ತು ಹಾಕಿ ಒಪ್ಪಿದಳು. ಅಲ್ಲಿ ನನ್ನ ಹೆಸರು ಕರೆಯಬಾರದು. ಕನ್ನಡ ಮಾತಾಡಬಾರದು. ನನ್ನನ್ನು ನೋಡಲೇಬಾರದು, ರೆಫರಿಯ ಕೈಯನ್ನು ಮಾತ್ರ ನೋಡಬೇಕು. ಇನ್ನೊಂದು ಸಲ ಮಾನ ತೆಗೆದರೆ ಆ ಮೇಜೂ ಇಲ್ಲ, ಮೆಣಸಿನಕಾಯಿಯೂ ಇಲ್ಲ. ಕಾಂತಾಮಣಿ ಎಲ್ಲಕ್ಕೂ ತಲೆಯಾಡಿಸಿದಳು. ಮೈದಾನದ ಬದಿಯ ಆ ಪ್ಲಾಸ್ಟಿಕ್ ಕುರ್ಚಿ ಮಗಳ ಲೋಕದಲ್ಲಿ ಅವಳಿಗೆ ಸಿಕ್ಕ ಒಂದೇ ಜಾಗ, ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಆ ಚಳಿಗಾಲವೆಲ್ಲ ಅವಳು ಮಾತು ಉಳಿಸಿಕೊಂಡಳು. ಶನಿವಾರ ಶನಿವಾರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ರೆಫರಿಯ ಕೈ ಕಾದಳು. ಆತ ಅಲ್ ಖೋರ್‌ನಿಂದ ಬರುತ್ತಿದ್ದ ಉದ್ದ ಕಾಲಿನ ಅಮೆರಿಕನ್, ವಾರವೆಲ್ಲ ಗ್ಯಾಸ್ ಪ್ಲಾಂಟಿನ ಕೆಲಸ. ತಲೆಯ ಮೇಲೆ ಅವನ ಎರಡು ಕೈಯಾಡಿದರೆ ಇವಳ ಹೆಬ್ಬೆರಳು ಒತ್ತುತ್ತಿತ್ತು, ಗಡಿಯಾರ ನಿಲ್ಲುತ್ತಿತ್ತು. ಅವನ ಕೈ ಗಾಳಿಯಲ್ಲಿ ಸುತ್ತಿದರೆ ಮತ್ತೆ ಒತ್ತುತ್ತಿದ್ದಳು, ಓಡುತ್ತಿತ್ತು. ಗೋಡೆಯಾಚೆಯ ಮಸೀದಿಯಿಂದ ಸಂಜೆಯ ಅಜಾನ್ ಕೇಳಿದರೆ ರೆಫರಿ ಸೀಟಿ ಊದಿ ಆಟ ನಿಲ್ಲಿಸುತ್ತಿದ್ದ. ಮುಗಿಯುವವರೆಗೂ ಎಲ್ಲರೂ ನಿಂತಲ್ಲೇ ಸುಮ್ಮನಿರುವುದು ಅಲ್ಲಿನ ವಾಡಿಕೆ. ಮಗಳು ಓಡಿದ್ದನ್ನಾಗಲಿ ಎಸೆದದ್ದನ್ನಾಗಲಿ ಕಾಂತಾಮಣಿ ಒಂದು ದಿನವೂ ಸರಿಯಾಗಿ ನೋಡಲಿಲ್ಲ. ಜನ ಚಪ್ಪಾಳೆ ತಟ್ಟಿದರೆ ಏನೋ ಒಳ್ಳೆಯದಾಗಿದೆ ಎಂದುಕೊಳ್ಳುತ್ತಿದ್ದಳು, ಅದರ ವಿವರ ಸಂಜೆ ಅಡುಗೆಮನೆಯಲ್ಲಿ ಸಿಗುತ್ತಿತ್ತು. ಮೊಸರನ್ನದ ಡಬ್ಬಿಯನ್ನು ಮಾತ್ರ ಬಿಡಲಿಲ್ಲ. ಪ್ರತಿ ಸಲವೂ ಕಟ್ಟಿಕೊಂಡು ಹೋಗಿ ಬ್ಯಾಗಿನಿಂದ ಹೊರಗೆ ತೆಗೆಯದೆ, ಆಟ ಮುಗಿದ ಮೇಲೆ ಕೊನ್ಸೆಪ್ಟಾರೊಡನೆ ಹಂಚಿಕೊಂಡು ತಿನ್ನುತ್ತಿದ್ದಳು.

ಕೊನೆಯ ಪಂದ್ಯ ಫೆಬ್ರವರಿಯಲ್ಲಿ, ಊರಿನ ಇನ್ನೊಂದು ಶಾಲೆಯ ಮೇಲೆ. ಗೆದ್ದವರಿಗೆ ಆ ವರ್ಷದ ಕಪ್. ಚನ್ನಕೇಶವನೂ ಬರುತ್ತೇನೆಂದಿದ್ದ, ಆಫೀಸಿನಲ್ಲಿ ಏನೋ ಬಂತೆಂದು ಬರಲಿಲ್ಲ. ಆಟ ಕೊನೆಯ ನಿಮಿಷಕ್ಕೆ ಬಂದಾಗ ಇಂಚರಾಳ ತಂಡ ನಾಲ್ಕು ಅಂಕ ಮುಂದಿತ್ತು, ಚೆಂಡೂ ಅವರ ಕೈಯಲ್ಲೇ ಇತ್ತು. ಎದುರಿನವರು ತಮ್ಮ ಮೂರು ಬಿಡುವುಗಳನ್ನೂ ಮುಗಿಸಿಕೊಂಡಿದ್ದರು. ಅಂದರೆ ಇನ್ನು ಗಡಿಯಾರ ನಿಲ್ಲಿಸುವ ದಾರಿ ಅವರಿಗಿಲ್ಲ. ಇಂಚರಾ ಮಾಡಬೇಕಾದದ್ದು ಒಂದೇ, ಚೆಂಡು ಎಸೆಯದೆ, ಗೆರೆ ದಾಟದೆ, ಒಳಗೇ ಓಡಿ ಒಳಗೇ ನಿಲ್ಲುವುದು.

ಅವಳು ಮೇಜಿನ ಕಡೆಗೇ ಓಡಿ ಬಂದಳು. ಗೆರೆಗೆ ಎರಡು ಹೆಜ್ಜೆ ಇರುವಾಗ ಎದುರಾಳಿ ಹುಡುಗನೊಬ್ಬ ಹಿಂದಿನಿಂದ ಅವಳ ಸೊಂಟದ ಪಟ್ಟಿ ಕಿತ್ತ. ಕಿತ್ತ ರಭಸಕ್ಕೆ ಇಬ್ಬರ ಕಾಲೂ ತೊಡರಿತು. ಇಂಚರಾ ಮಂಡಿಯೂರಿ ಬಿದ್ದು, ಮರಳು ತುಂಬಿದ ಆ ಒರಟು ಹುಲ್ಲಿನ ಮೇಲೆ ಜಾರಿದಳು. ಬೋರ್ಡಿನಲ್ಲಿ ಮೂವತ್ತೆಂಟು ಸೆಕೆಂಡು ಉಳಿದಿತ್ತು. ಕಾಂತಾಮಣಿ ಆ ಚಳಿಗಾಲದಲ್ಲಿ ಮೊದಲ ಸಲ ರೆಫರಿಯ ಕೈ ಬಿಟ್ಟು ಮಗಳನ್ನು ನೋಡಿದಳು. ಹೆಬ್ಬೆರಳು ಯಾರನ್ನೂ ಕೇಳದೆ ಗುಂಡಿ ಒತ್ತಿತು.

ಮಗು ಬಿದ್ದಾಗ ತಾಯಿಯ ಪ್ರಪಂಚ ನಿಲ್ಲುತ್ತದೆ. ಅವಳ ಬೆರಳ ಕೆಳಗೆ ನಿಜಕ್ಕೂ ನಿಲ್ಲಿಸುವ ಗುಂಡಿಯೊಂದಿದ್ದರೆ ಅದನ್ನು ಒತ್ತದ ತಾಯಿ ಯಾರಿದ್ದಾಳೆ ಎಂದು ನಾನಂತೂ ಕೇಳುತ್ತೇನೆ. ಆದರೆ ಆಟಕ್ಕೆ ಈ ಪ್ರಶ್ನೆ ಗೊತ್ತಿಲ್ಲ. ಇಂಚರಾ ಎರಡು ಕ್ಷಣ ಹಾಗೇ ಇದ್ದು, ತಾನೇ ಎದ್ದಳು. ಮಂಡಿಯ ಮರಳು ಕೊಡವಿಕೊಂಡು ಕುಂಟುತ್ತ ತನ್ನವರ ಕಡೆ ನಡೆದಳು. ರೆಫರಿ ಕೈ ಎತ್ತಿರಲೇ ಇಲ್ಲ.

"ಕಾಂತಾಮಣಿ, ನಿಮ್ಮ ಗಡಿಯಾರ ನಿಂತಿದೆ," ಎಂದು ಕೊನ್ಸೆಪ್ಟಾ ಮೆಲ್ಲಗೆ ಹೇಳಿದರು.

ಅವಳ ಕೈ ಗುಂಡಿಗೆ ಹೋಗುವಷ್ಟರಲ್ಲಿ ಎದುರಿನ ತಂಡದ ಕೋಚ್ ಬೋರ್ಡನ್ನು ತೋರಿಸಿ ಕೂಗತೊಡಗಿದ್ದ. ಗಡಿಯಾರ ನಿಂತಿದೆ, ಹುಡುಗಿ ಗೆರೆ ದಾಟಿದ್ದಾಳೆ ಎಂದು. ರೆಫರಿ ಸೀಟಿ ಊದಿದ. ಎಲ್ಲವೂ ನಿಂತಿತು. ಗೆರೆಯ ಬಳಿ ನಿಲ್ಲುವ ಸಹಾಯಕನನ್ನು ಕರೆದು, ಹೊರಗೆ ಹೋದಳೆಂದು ನೀನು ಕೈ ತೋರಿಸಿದೆಯಾ ಎಂದು ಕೇಳಿದ. ಸಹಾಯಕ ತಡವರಿಸಿದ. ಹೋಗಿದ್ದರೂ ಹೋಗಿರಬಹುದು, ಬಿದ್ದ ಗಲಾಟೆಯಲ್ಲಿ ತನಗೆ ಸರಿಯಾಗಿ ಕಾಣಲಿಲ್ಲ ಎಂದ. ಆಗ ರೆಫರಿ ಮೇಜಿನ ಹತ್ತಿರ ಬಂದು, ನೀವು ಯಾರ ಕೈ ನೋಡಿ ನಿಲ್ಲಿಸಿದಿರಿ ಎಂದು ಕಾಂತಾಮಣಿಯನ್ನೇ ಕೇಳಿದ.

ಅವಳು ಬಾಯಿ ತೆರೆಯುವ ಮೊದಲೇ ಗೋಡೆಯಾಚೆಯಿಂದ ಅಜಾನ್ ಎದ್ದಿತು. ರೆಫರಿ ಟೋಪಿ ತೆಗೆದ. ಆಡುವವರು, ನೋಡುವವರು ಎಲ್ಲರೂ ಇದ್ದಲ್ಲೇ ಸುಮ್ಮನಾದರು. ಪ್ರಶ್ನೆ ಅವಳ ಮುಂದೆ ಹಾಗೇ ಉಳಿಯಿತು.

ಕಾಂತಾಮಣಿಗೆ ಲೆಕ್ಕ ಚೆನ್ನಾಗಿ ಗೊತ್ತಿತ್ತು, ಕಲಿಸಿದವಳು ಅಂಥವಳು. ಸಹಾಯಕನ ಕಡೆ ಸುಮ್ಮನೆ ಬೆರಳು ತೋರಿಸಿದರೆ ಮುಗಿಯಿತು, ಅವಳ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಆದರೆ ಆಗ ಇಂಚರಾ ಹೊರಗೆ ಹೋದಳೆಂದಾಗುತ್ತದೆ, ಬೋರ್ಡಿನಲ್ಲಿ ಮೂವತ್ತೆಂಟು ಹಾಗೇ ಉಳಿಯುತ್ತದೆ. ಚೆಂಡು ಹಿಡಿದ ತಂಡಕ್ಕೆ ಸಿಗುವ ನಾಲ್ಕು ಯತ್ನಗಳಲ್ಲಿ ಇಂಚರಾಳ ತಂಡಕ್ಕೆ ಉಳಿದದ್ದು ಇನ್ನೊಂದೇ, ಆಮೇಲೆ ಚೆಂಡು ಎದುರಿನವರ ಕೈಗೆ. ಅವರಲ್ಲಿ ದೂರಕ್ಕೆ ಎಸೆಯುವ ಹುಡುಗನೊಬ್ಬನಿದ್ದ, ಅವನಿಗೆ ಅಷ್ಟು ಹೊತ್ತು ಧಾರಾಳವಾಗಿ ಸಾಕು. ನಿಜ ಹೇಳಿದರೋ, ಅದು ಮಗಳ ತಂಡಕ್ಕೇ ಲಾಭ. ತಾಯಿ ಮಗಳನ್ನು ಗೆಲ್ಲಿಸಲು ಬಾಯಿಗೆ ಬಂದದ್ದು ಹೇಳುತ್ತಾಳೆ ಎನ್ನುತ್ತಾರೆ. ಮತ್ತೆ ಇಡೀ ಮೈದಾನ ನಗುತ್ತದೆ. ಮೇಜೂ ಹೋಗುತ್ತದೆ, ಅಡುಗೆಮನೆಯ ಮಾತೂ ಹೋಗುತ್ತದೆ.

ಷರತ್ತು ಮುರಿದೇ ಹೋಗಿದೆ, ಇನ್ನೇನು ಎಂದು ಅವಳು ಮಗಳ ಕಡೆ ನೋಡಿದಳು. ಇಂಚರಾ ಚೆಂಡನ್ನು ಕಂಕುಳಲ್ಲಿಟ್ಟುಕೊಂಡು ನೆಲ ನೋಡುತ್ತ ನಿಂತಿದ್ದಳು. ಮಂಡಿಯಿಂದ ರಕ್ತ ಇಳಿದು ಬಿಳಿ ಸಾಕ್ಸಿನ ಅಂಚು ಕೆಂಪಾಗಿತ್ತು. ಸ್ವಲ್ಪ ಹೊತ್ತಿಗೆ ತಲೆ ಎತ್ತಿದಳು. ತಾನು ಗೆರೆ ದಾಟಿಲ್ಲವೆಂದು, ಯಾರೂ ಕೈ ಎತ್ತಿಲ್ಲವೆಂದು ಅವಳಿಗೂ ಗೊತ್ತು. ಹಾಗಾದರೆ ಗಡಿಯಾರ ನಿಲ್ಲಿಸಿದ್ದು ಯಾರೆಂದೂ, ಯಾಕೆಂದೂ ಗೊತ್ತು. ಆ ನೋಟದಲ್ಲಿ ಸಿಟ್ಟಿತ್ತೋ ಬೇರೇನಿತ್ತೋ ಕಾಂತಾಮಣಿಗೆ ತಿಳಿಯಲಿಲ್ಲ.

ಅಜಾನ್ ಮುಗಿಯಿತು. ರೆಫರಿ ಟೋಪಿ ಹಾಕಿಕೊಂಡ. ಕಾಂತಾಮಣಿ ಎದ್ದು ನಿಂತು ತನಗೆ ಬರುವ ಇಂಗ್ಲಿಷಿನಲ್ಲಿ, ಎಲ್ಲರಿಗೂ ಕೇಳುವಂತೆ, ಯಾರೂ ಕೈ ತೋರಿಸಲಿಲ್ಲ ಎಂದಳು. ಮಗಳು ಬಿದ್ದಳು, ನಾನು ನಿಲ್ಲಿಸಿದೆ, ತಪ್ಪು ನನ್ನದು. ಎಷ್ಟು ಹೊತ್ತು ನಿಂತಿತ್ತು ಎಂದು ರೆಫರಿ ಕೇಳಿದ. ಅದು ಅವಳಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಎಂದೇ ಹೇಳಿದಳು. ನಾನು ಗಡಿಯಾರ ನೋಡುತ್ತಿರಲಿಲ್ಲ, ಅವಳನ್ನು ನೋಡುತ್ತಿದ್ದೆ ಎಂದಳು.

ಎದುರಿನ ಬೆಂಚಿನಲ್ಲಿ ಯಾರೋ ನಕ್ಕರು. ಇಂಚರಾಳ ತಂಡದಲ್ಲೂ ಇಬ್ಬರು ನಕ್ಕರು. ಎದುರಿನವರ ಕೋಚ್ ಮಾತ್ರ ನಗಲಿಲ್ಲ. ಲಾಭವಿರುವಾಗ ತಾಯಂದಿರಿಗೆ ಸತ್ಯ ಬೇಗ ನೆನಪಾಗುತ್ತದೆ ಎಂದ. ಅವನನ್ನೂ ಪೂರ್ತಿ ಬೈಯುವಂತಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವುದು ಅವರ ದೇಶದಲ್ಲೂ ಸುಳ್ಳಲ್ಲ, ಅವನ ಜಾಗದಲ್ಲಿ ಯಾರಿದ್ದರೂ ಹಾಗೇ ಅನ್ನುತ್ತಿದ್ದರು.

ಆಗ ಕೊನ್ಸೆಪ್ಟಾ ತಮ್ಮ ಸ್ಟಾಪ್‌ವಾಚನ್ನು ಮೇಜಿನ ಮೇಲಿಟ್ಟು ರೆಫರಿಯ ಕಡೆ ಸರಿಸಿದರು. ಪಟ್ಟಿ ಕಿತ್ತ ಕ್ಷಣಕ್ಕೆ ಅವರು ವಾಡಿಕೆಯಂತೆ ನಲವತ್ತನ್ನು ಶುರು ಮಾಡಿದ್ದರು, ರೆಫರಿಯ ಸೀಟಿಗೆ ನಿಲ್ಲಿಸಿದ್ದರು. ಅದರಲ್ಲಿ ಇಪ್ಪತ್ತೆರಡು ಉಳಿದಿತ್ತು. ಅಂದರೆ ಹದಿನೆಂಟು ಸೆಕೆಂಡು ಕಳೆದಿತ್ತು, ಆ ಹದಿನೆಂಟು ದೊಡ್ಡ ಗಡಿಯಾರದಲ್ಲೂ ಕಳೆಯಬೇಕಿತ್ತು. ಚಿಕ್ಕ ಗಡಿಯಾರಕ್ಕೆ ಮಗಳಿಲ್ಲ, ಅದು ಓಡುತ್ತಲೇ ಇತ್ತು. ರೆಫರಿ ಮನಸ್ಸಿನಲ್ಲೇ ಕಳೆದು ನೋಡಿ, ಬೋರ್ಡನ್ನು ಇಪ್ಪತ್ತಕ್ಕೆ ಇಳಿಸಿ ಎಂದ.

ಆಟ ಬಲ್ಲವರಿಗೆಲ್ಲ ಅಲ್ಲಿಗೇ ಗೊತ್ತಾಗಿಹೋಯಿತು. ಆಟಕ್ಕೆ ಇಪ್ಪತ್ತು ಸೆಕೆಂಡು ಉಳಿದಿದೆ, ಚೆಂಡು ಆಡಿಸಲು ಇಂಚರಾಳಿಗೆ ಇಪ್ಪತ್ತೆರಡು ಸೆಕೆಂಡಿನ ಅವಕಾಶವಿದೆ. ಆಡಲೇಬೇಕಾಗಿಲ್ಲ, ಸುಮ್ಮನೆ ನಿಂತರೆ ಸಾಕು. ಕೋಚ್ ಸ್ಟಾಪ್‌ವಾಚನ್ನು ಎತ್ತಿ ನೋಡಿ ಕೆಳಗಿಟ್ಟ. ಒಪ್ಪುತ್ತೇನೆ, ಆದರೆ ಈ ಹೆಂಗಸು ಆ ಕುರ್ಚಿಯಿಂದ ಏಳಬೇಕು ಎಂದ. ರೆಫರಿ ಕಾಂತಾಮಣಿಯ ಕಡೆ ಬಾಗಿ, ಅದು ನ್ಯಾಯವೇ, ತಂದೆತಾಯಿಗಳನ್ನು ಅವರವರ ಮಕ್ಕಳ ಆಟಕ್ಕೆ ಕೂರಿಸುವುದೇ ತಪ್ಪು, ಬೇಸರ ಮಾಡಿಕೊಳ್ಳಬೇಡಿ ಎಂದು ಮೆಲ್ಲಗೆ ಹೇಳಿದ. ಅವಳು ಬ್ಯಾಗ್ ಎತ್ತಿಕೊಂಡು ಎದ್ದಳು. ಸಹಾಯಕ ಬಂದು ಕುರ್ಚಿಯಲ್ಲಿ ಕೂತ. ಕಾಂತಾಮಣಿ ನೋಡುವವರ ಹಗ್ಗದಾಚೆ ಹೋಗಿ ನಿಂತಳು. ಅವಳಿಗೆ ಅಳು ಬಂತು, ತಡೆದುಕೊಂಡಳು.

ರೆಫರಿಯ ಕೈ ಗಾಳಿಯಲ್ಲಿ ಸುತ್ತಿತು. ಎರಡೂ ಗಡಿಯಾರ ಓಡತೊಡಗಿದವು. ಇಂಚರಾ ತನ್ನವರ ಹಿಂದೆ ಕೈಕಟ್ಟಿ ನಿಂತಳು. ಯಾರೂ ಓಡಲಿಲ್ಲ, ಯಾರೂ ಎಸೆಯಲಿಲ್ಲ. ಕಾಂತಾಮಣಿಯ ಹೆಬ್ಬೆರಳಿಗೆ ಕೆಲಸವಿರಲಿಲ್ಲ, ಕಣ್ಣಿಗೆ ಕಾವಲಿರಲಿಲ್ಲ. ಮಗಳನ್ನು ಎಷ್ಟು ಬೇಕಾದರೂ ನೋಡಬಹುದಿತ್ತು. ನೋಡಿದಳು. ಹುಡುಗಿ ಎತ್ತರವಾಗಿದ್ದಳು, ಭುಜ ಅಪ್ಪನದು, ನಿಲ್ಲುವ ಗತ್ತು ಮೈಸೂರಿನ ಅಜ್ಜಿಯದು. ಒಂದು ಚಳಿಗಾಲ ಪೂರ್ತಿ ಹತ್ತಿರವೇ ಕೂತು ತಾನು ಇದನ್ನೆಲ್ಲ ನೋಡಿರಲಿಲ್ಲ. ಇಂಚರಾಳೂ ಬೋರ್ಡನ್ನು ನೋಡುತ್ತಿರಲಿಲ್ಲ, ಹಗ್ಗದಾಚೆಗೆ ನೋಡುತ್ತಿದ್ದಳು. ಸುತ್ತಲಿನವರು ಕೊನೆಯ ಹತ್ತನ್ನು ಕೂಗಿ ಎಣಿಸಿದರು.

ಸೊನ್ನೆಯಾದಾಗ ತಂಡದವರೆಲ್ಲ ಇಂಚರಾಳ ಮೇಲೆ ಬಿದ್ದು ಕುಣಿದರು. ಅವಳು ಸ್ವಲ್ಪ ಹೊತ್ತು ಸಹಿಸಿಕೊಂಡು, ಬಿಡಿಸಿಕೊಂಡು, ಕುಂಟುತ್ತ ಹಗ್ಗದ ಕಡೆ ಬಂದಳು. ಗೆಳತಿಯರು ಹಿಂದೆಯೇ ಬಂದರು. ಕಾಂತಾಮಣಿ ಷರತ್ತಿನಂತೆ ಬಾಯಿ ಬಿಡದೆ ನಿಂತಿದ್ದಳು.

"ಅಮ್ಮಾ, ಮಂಡಿ ಉರೀತಿದೆ ಕಣಮ್ಮಾ," ಎಂದಳು ಇಂಚರಾ, ಎಲ್ಲರೆದುರಿಗೆ, ಕನ್ನಡದಲ್ಲಿ.

ಕಾಂತಾಮಣಿ ಹಗ್ಗದಡಿ ತೂರಿ ನೆಲಕ್ಕೆ ಕೂತಳು. ಬಾಟಲಿಯ ನೀರಿನಲ್ಲಿ ಮರಳು ತೊಳೆದಳು, ವೇಲಿನ ತುದಿಯಿಂದ ಒತ್ತಿದಳು, ಬಾಗಿ ಗಾಯಕ್ಕೆ ಊದಿದಳು. ಇಂಚರಾ ಬೀಳದಂತೆ ಅಮ್ಮನ ತಲೆಯ ಮೇಲೆ ಕೈಯಿಟ್ಟುಕೊಂಡಿದ್ದಳು.

"ಇನ್ನು ನಂಗೆ ಆ ಮೇಜಿಲ್ಲ ಪುಟ್ಟಿ," ಎಂದಳು ಕಾಂತಾಮಣಿ ತಲೆ ಎತ್ತದೆ.

"ಗೊತ್ತು," ಎಂದಳು ಇಂಚರಾ. ಅಮ್ಮನ ಬ್ಯಾಗಿನ ಕಡೆ ನೋಡಿ, "ಡಬ್ಬಿ ತಂದಿದೀಯಾ? ಹಸಿವಾಗ್ತಿದೆ," ಎಂದಳು.

ಡಬ್ಬಿ ಬ್ಯಾಗಿನಲ್ಲೇ ಇತ್ತು. ಚಮಚ ತರುವುದನ್ನು ಅವಳು ಯಾವಾಗಲೋ ಬಿಟ್ಟುಬಿಟ್ಟಿದ್ದಳು. ಕೈ ತೊಳೆದುಕೊಂಡು, ಮೈದಾನದ ಗೆರೆಯ ಒಳಗೇ ಕೂತು, ಮೊದಲ ತುತ್ತು ಕಲಸಿದಳು.